ಹರಿಗೋಲಿನ ಜನ: ನಮ್ಮ ಕಾವೇರಿ, ಅವರ ಕಾಂಗೋ



ಅಕ್ಟೋಬರ್ ತಿಂಗಳ ಮಿಷನ್ ಭಾನುವಾರಕ್ಕೆ ಧರ್ಮೋಪದೇಶದ ಮಕ್ಕಳಿಗೆ ಆಫ್ರಿಕಾದ ಕೆಲವು ಚಿತ್ರಗಳನ್ನು ತೋರಿಸುತ್ತಿದ್ದೆ. ಒಂದು ಚಿತ್ರದಲ್ಲಿ ರಭಸವಾಗಿ ನುಗ್ಗುವ ನದಿ, ಬಂಡೆಗಳ ನಡುವೆ ನೆಟ್ಟ ಮರದ ಕಂಬಗಳು, ಕಂಬಗಳಿಗೆ ಕಟ್ಟಿದ ದೊಡ್ಡ ದೊಡ್ಡ ಬುಟ್ಟಿಗಳು, ನೊರೆಯ ಮೇಲೆ ಮಂಜಿನಂತೆ ಏಳುವ ನೀರಿನ ಹನಿ. ಮುಂದಿನ ಸಾಲಿನ ಒಬ್ಬ ಹುಡುಗ ತಟ್ಟನೆ, "ಅಣ್ಣ, ಇದು ಹೊಗೇನಕಲ್ ಅಲ್ವಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಕಾಂಗೋ ದೇಶದ ಕಿಸಂಗಾನಿ ಎಂಬ ಊರಿನ ಪಕ್ಕದ ಜಲಪಾತದ ಚಿತ್ರ.

ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಉಳಿಯಿತು. ಹುಡುಗ ಹೇಳಿದ್ದು ಊರಿನ ಹೆಸರಿನಲ್ಲಿ ತಪ್ಪು, ಆದರೆ ಬದುಕಿನ ವಿಷಯದಲ್ಲಿ ಬಹಳ ಸರಿ ಅನ್ನಿಸಿತು. ನದಿಯನ್ನೇ ನಂಬಿದ ಜನ ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಆಫ್ರಿಕಾದವರಿಗಾಗಿ ನಾವು ಮಿಷನ್ ಭಾನುವಾರ ಪ್ರಾರ್ಥಿಸುತ್ತೇವೆ, ಕಾಣಿಕೆ ಹಾಕುತ್ತೇವೆ. ನಮ್ಮ ಮಗ್ಗುಲಲ್ಲೇ ಇರುವ ನದಿಯ ಜನರ ಚರಿತ್ರೆ ನಮಗೆ ಎಷ್ಟು ಗೊತ್ತು? ಆ ಪ್ರಶ್ನೆಯಿಂದ ಹುಟ್ಟಿದ ಬರಹ ಇದು.

ನಮ್ಮ ನಲ್ಲಿಯಲ್ಲಿ ಬರುವ ನದಿ

ಡೆಂಕಣಿಕೋಟೆಯವರಾದ ನಮಗೆ ಕಾವೇರಿ ದೂರದ ನದಿ ಅನ್ನಿಸುತ್ತದೆ. ನಮ್ಮ ಊರು ಬೆಟ್ಟದ ಮೇಲಿನ ಮಳೆಯಾಶ್ರಿತ ಊರು. ರಾಗಿ, ಹುರುಳಿ, ಅವರೆ, ಈಗೀಗ ಟೊಮೆಟೊ, ಗುಲಾಬಿ. ಆದರೆ ಇಲ್ಲಿಂದ ಅಂಚೆಟ್ಟಿ ದಾಟಿ, ನಾಟ್ರಪಾಳ್ಯದ ಕಡೆ ಕಾಡಿನ ದಾರಿಯಲ್ಲಿ ಇಳಿಯುತ್ತಾ ಹೋದರೆ ಕೊನೆಗೆ ಸಿಗುವುದು ಕಾವೇರಿಯೇ. ತಳಿಯ ಕಾಡಿನ ಕಡೆ ಹುಟ್ಟುವ ಚಿನ್ನಾರ್, ಅಂದರೆ ಸನತ್ಕುಮಾರ ನದಿ, ಹೊಗೇನಕಲ್ಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಬೆಟ್ಟದ ಮೇಲೆ ಬಿದ್ದ ಮಳೆಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ.

ಹೋದದ್ದು ತಿರುಗಿಯೂ ಬರುತ್ತದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಬಣ್ಣಕ್ಕೆ ತಿರುಗುವುದು, ಮೂಳೆ ಬಿಗಿದುಕೊಳ್ಳುವುದು ಅದರ ಫಲ. ಇದಕ್ಕೆ ಪರಿಹಾರವಾಗಿ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು, 2013ರಲ್ಲಿ ಉದ್ಘಾಟನೆಯಾಯಿತು. ಆ ನೀರು ಬೆಟ್ಟ ಹತ್ತಿ ನಮ್ಮ ಎರಡೂ ಜಿಲ್ಲೆಗಳ ಊರುಗಳಿಗೆ ಬರುತ್ತದೆ. ಹೀಗಾಗಿ ನಾವು ಒಪ್ಪಿದರೂ ಒಪ್ಪದಿದ್ದರೂ ಕಾವೇರಿಯ ನೀರು ಕುಡಿಯುವವರು, ಆ ದಡದ ಜನರ ನೆರೆಹೊರೆಯವರು.

ಹೊಗೇನಕಲ್ ಎಂಬ ಹೆಸರು ನಮ್ಮ ಭಾಷೆಯದೇ. ಹೊಗೆ ಮತ್ತು ಕಲ್ಲು. ಬಂಡೆಗೆ ಬಡಿದ ನೀರು ಹೊಗೆಯಂತೆ ಮೇಲೇಳುವುದನ್ನು ಕಂಡವರು ಇಟ್ಟ ಹೆಸರು. ತಮಿಳು ದಡ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಗೆ ಸೇರಿದೆ, ಆಚೆ ದಡ ಚಾಮರಾಜನಗರ ಜಿಲ್ಲೆಗೆ. ಆ ಕಡೆ ಗೋಪಿನಾಥಂ, ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವೆ ಹರಿಯುವ ನೀರಿಗೆ ಗಡಿ ಎಂಬ ಹೆಸರು ನಾವು ಕೊಟ್ಟದ್ದು. ಹುಟ್ಟು ಹಾಕುವವರು ಒಂದು ದಡದಲ್ಲಿ ತಮಿಳು, ಇನ್ನೊಂದು ದಡದಲ್ಲಿ ಕನ್ನಡ ಮಾತಾಡುತ್ತಾ ದಿನಕ್ಕೆ ಹತ್ತಾರು ಸಲ ಈ ಗಡಿಯ ಮೇಲೆ ತೇಲುತ್ತಾರೆ.

ಬುಟ್ಟಿಯಂಥ ದೋಣಿ

ಹರಿಗೋಲು ಅನ್ನಿ, ತೆಪ್ಪ ಅನ್ನಿ, ತಮಿಳಿನವರ ಹಾಗೆ ಪರಿಸಲ್ ಅನ್ನಿ, ವಸ್ತು ಒಂದೇ. ಬಿದಿರನ್ನು ಸೀಳಿ, ಅಡ್ಡ ಉದ್ದ ಹೆಣೆದು ತಳ ಮಾಡುತ್ತಾರೆ. ಸೀಳುಗಳ ತುದಿಯನ್ನು ಮೇಲಕ್ಕೆ ಬಗ್ಗಿಸಿ ಅಂಚು ಕಟ್ಟುತ್ತಾರೆ. ಏಳೆಂಟು ಅಡಿ ಅಗಲದ ಬುಟ್ಟಿ ಸಿದ್ಧವಾಗುತ್ತದೆ. ಹಿಂದೆ ಅದರ ಹೊರಮೈಗೆ ದನದ ಅಥವಾ ಎಮ್ಮೆಯ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂತು. ಈಗ ಫೈಬರ್ ಹರಿಗೋಲುಗಳೂ ಇವೆ. ಕೈ ಪಳಗಿದವರಿಗೆ ಒಂದು ಬಿದಿರು ಹರಿಗೋಲು ಸುಮಾರು ಒಂದು ದಿನದ ಕೆಲಸ.

ಇದು ಯಾಕೆ ದುಂಡಗಿದೆ ಎಂದು ನೀವು ಕೇಳಬಹುದು. ಬಿ.ಎಸ್ಸಿ. ಓದಿದ ತಪ್ಪಿಗೆ ಸ್ವಲ್ಪ ಭೌತಶಾಸ್ತ್ರ ಹೇಳುತ್ತೇನೆ, ಸಹಿಸಿಕೊಳ್ಳಿ. ಉದ್ದನೆಯ ದೋಣಿ ನೇರ ಹೋಗುತ್ತದೆ, ಆದರೆ ಅದರ ತಳ ನೀರಿನೊಳಗೆ ಆಳಕ್ಕೆ ಇಳಿದಿರುತ್ತದೆ. ಬಂಡೆ ತುಂಬಿದ ನದಿಯಲ್ಲಿ ಅಂಥ ದೋಣಿ ಬಡಿದು ಒಡೆಯುತ್ತದೆ. ಹರಿಗೋಲಿನ ತಳ ಚಪ್ಪಟೆ ಮತ್ತು ಅಗಲ. ಭಾರ ದೊಡ್ಡ ಜಾಗಕ್ಕೆ ಹಂಚಿಹೋಗುವುದರಿಂದ ಅದು ನೀರಿನಲ್ಲಿ ಸ್ವಲ್ಪವೇ ಮುಳುಗುತ್ತದೆ, ಮೊಣಕಾಲುದ್ದದ ನೀರಿನಲ್ಲೂ ಸಾಗುತ್ತದೆ. ಬಂಡೆಗೆ ತಗುಲಿದರೆ ಬಿದಿರು ಬಾಗುತ್ತದೆ, ಹರಿಗೋಲು ತಿರುಗಿ ಜಾರಿಕೊಳ್ಳುತ್ತದೆ. ನೀರು ಕಡಿಮೆಯಾದ ಕಡೆ ತಲೆಯ ಮೇಲೆ ಹೊತ್ತು ನಡೆಯಲೂಬಹುದು. ತೊಂದರೆ ಒಂದೇ, ಅದು ಗರಗರ ಸುತ್ತುತ್ತದೆ. ಆ ಸುತ್ತನ್ನು ಒಂದೇ ಹುಟ್ಟಿನಿಂದ ಹಿಡಿತಕ್ಕೆ ತರುವುದೇ ಅಂಬಿಗನ ವಿದ್ಯೆ. ಅದನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಈ ವಿದ್ಯೆ ಎಷ್ಟು ಹಳೆಯದು? 16ನೇ ಶತಮಾನದ ಮೊದಲ ಭಾಗದಲ್ಲಿ ಕೃಷ್ಣದೇವರಾಯನ ಕಾಲದ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇಂಥ ದೋಣಿಗಳನ್ನೇ ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ, ಹದಿನೈದು ಇಪ್ಪತ್ತು ಜನ ಹಿಡಿಸುವ ದೋಣಿಗಳು. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಅವನ ವರ್ಣನೆ. ಅವು ಸುತ್ತುತ್ತಲೇ ಹೋಗುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಐನೂರು ವರ್ಷ ಕಳೆದರೂ ಆಕಾರ ಬದಲಾಗಿಲ್ಲ. ಚೆನ್ನಾಗಿ ಕೆಲಸ ಮಾಡುವ ವಸ್ತುವನ್ನು ಯಾರೂ ಬದಲಿಸಲು ಹೋಗಲಿಲ್ಲ.

ದೋಣಿಗಿಂತ ಹಳೆಯದು ಅದನ್ನು ನಡೆಸುವವರ ಬದುಕು. ಕನ್ನಡ ನಾಡಿನಲ್ಲಿ ಬೆಸ್ತರು, ಅಂಬಿಗರು, ಗಂಗಾಮತಸ್ಥರು ಎಂದು ಕರೆಸಿಕೊಳ್ಳುವ ಸಮುದಾಯಗಳು ಮೀನು ಹಿಡಿಯುತ್ತಾ, ಜನರನ್ನು ದಾಟಿಸುತ್ತಾ ಬಂದಿವೆ. 12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ಇದೇ ಕಸುಬಿನವರು. ದೋಣಿ ನಡೆಸುವ ಕೈಯಿಂದಲೇ ವಚನಗಳು ಬಂದವು, ಮುಲಾಜಿಲ್ಲದ ಮಾತಿಗೆ ಅವರು ಹೆಸರಾದರು. ನಮ್ಮ ಶುಭಸಂದೇಶದಲ್ಲೂ ಯೇಸುಸ್ವಾಮಿ ಮೊದಲು ಕರೆದದ್ದು ದೋಣಿ ಬಲೆಗಳವರನ್ನು. ಸೀಮೋನ ಪೇತ್ರ, ಅಂದ್ರೇಯ, ಯಕೋಬ, ಯೊವಾನ್ನ. ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಲಿ ಬಂದ ಬೆಳಗಿನ ದಣಿವು ಏನೆಂದು ಅವರಿಗೆ ಗೊತ್ತಿತ್ತು. ಹೊಗೇನಕಲ್ಲಿನ ಮೀನುಗಾರರಿಗೂ ಅದು ಗೊತ್ತು.

ಮೆಟ್ಟೂರು: ನೀರಿನಡಿಯ ಗೋಪುರ

ಈ ನದಿಯ ಜನರ ಬದುಕು ಬದಲಾದದ್ದು 20ನೇ ಶತಮಾನದಲ್ಲಿ. 1924ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯದ ನಡುವೆ ಕಾವೇರಿ ಒಪ್ಪಂದವಾಯಿತು. ಮೇಲೆ ಕನ್ನಂಬಾಡಿ ಕಟ್ಟೆ, ಕೆಳಗೆ ಮೆಟ್ಟೂರು ಅಣೆಕಟ್ಟು. ಮೆಟ್ಟೂರಿನ ಕೆಲಸ 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿಯಿತು. 93 ಟಿ.ಎಂ.ಸಿ.ಗಿಂತ ಹೆಚ್ಚು ನೀರು ಹಿಡಿಯುವ ಆ ಜಲಾಶಯಕ್ಕೆ ಅಂದಿನ ಮದ್ರಾಸ್ ಗವರ್ನರ್ ಜಾರ್ಜ್ ಫ್ರೆಡರಿಕ್ ಸ್ಟಾನ್ಲಿಯ ಹೆಸರಿಟ್ಟರು, ಸ್ಟಾನ್ಲಿ ಜಲಾಶಯ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಣೆಕಟ್ಟಿನಿಂದ ತಂಜಾವೂರು ಕಡೆಯ ಗದ್ದೆಗಳಿಗೆ ನೀರು ಸಿಕ್ಕಿತು, ಲಕ್ಷಾಂತರ ಜನ ಉಂಡರು. ಅದು ಸುಳ್ಳಲ್ಲ. ಅದರ ಬೆಲೆ ಕೊಟ್ಟವರು ಮೇಲ್ಗಡೆಯ ದಡದ ಹಳ್ಳಿಗಳವರು. ಮನೆ, ಹೊಲ, ಗುಡಿ, ಸಮಾಧಿ ಎಲ್ಲ ಮುಳುಗಿದವು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ತೀರಾ ಕೆಳಗಿಳಿದ ವರ್ಷಗಳಲ್ಲಿ ಪನ್ನವಾಡಿಯ ಹತ್ತಿರ ಎರಡು ವಸ್ತುಗಳು ನೀರಿನಿಂದ ಮೇಲೆದ್ದು ಕಾಣುತ್ತವೆ. ಒಂದು ಜಲಕಂಠೇಶ್ವರ ದೇವಸ್ಥಾನದ ದೊಡ್ಡ ನಂದಿ. ಇನ್ನೊಂದು ಹಳೆಯ ಕ್ರೈಸ್ತ ದೇವಾಲಯದ ಜೋಡಿ ಗೋಪುರ.

ನಾನು ಅದರ ಚಿತ್ರ ನೋಡಿದಾಗ ಬಹಳ ಹೊತ್ತು ಸುಮ್ಮನಿದ್ದೆ. ಆ ಗೋಪುರದ ಕೆಳಗೆ ನಮ್ಮಂತೆಯೇ ಒಂದು ಧರ್ಮಸಭೆ ಇತ್ತು. ಭಾನುವಾರದ ಬಲಿಪೂಜೆ, ಜ್ಞಾನಸ್ನಾನ, ಮದುವೆ, ಹಬ್ಬದ ತೇರು ಎಲ್ಲವೂ ಇದ್ದಿರಬೇಕು. ಗುಡಿಯವರೂ ಚರ್ಚಿನವರೂ ಒಟ್ಟಿಗೇ ಗಂಟುಮೂಟೆ ಕಟ್ಟಿ ಹೊರಟರು. ನೀರು ಯಾರ ಧರ್ಮವನ್ನೂ ಕೇಳಲಿಲ್ಲ. ಈಗ ಪಕ್ಕಪಕ್ಕದಲ್ಲೇ ನಂದಿ ಮತ್ತು ಗೋಪುರ ಒಂದೇ ನೀರಿನಲ್ಲಿ ಮುಳುಗಿ ಒಂದೇ ಬಿಸಿಲಿಗೆ ಮೇಲೇಳುತ್ತವೆ. ಒಕ್ಕಲೆದ್ದವರ ದುಃಖಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಜಲಾಶಯ ಬಂದ ಮೇಲೆ ಹರಿಯುವ ನೀರಿನ ಮೀನುಗಾರಿಕೆ ನಿಂತ ನೀರಿನ ಮೀನುಗಾರಿಕೆಯಾಯಿತು. ಹಿಡಿಯುವ ಮೀನು ಬದಲಾಯಿತು, ಪರವಾನಗಿ ಮತ್ತು ಸಹಕಾರ ಸಂಘದ ವ್ಯವಸ್ಥೆ ಬಂತು. ನದಿ ಯಾರಿಗೂ ಸೇರಿದ್ದಲ್ಲ ಎಂದುಕೊಂಡಿದ್ದವರಿಗೆ ನದಿಗೆ ಒಬ್ಬ ಒಡೆಯನಿದ್ದಾನೆ ಎಂದು ಗೊತ್ತಾಯಿತು.

ಇನ್ನೊಬ್ಬ ಸ್ಟಾನ್ಲಿ, ಇನ್ನೊಂದು ನದಿ

ಈಗ ಆ ಹುಡುಗ ನೋಡಿದ ಚಿತ್ರಕ್ಕೆ ಬರೋಣ. ಕಾಂಗೋ ನದಿ ಸುಮಾರು 4,700 ಕಿಲೋಮೀಟರ್ ಉದ್ದ, ನಮ್ಮ ಕಾವೇರಿ ಸುಮಾರು 800. ಕಾಂಗೋದಲ್ಲಿ ಸರಾಸರಿ ಸೆಕೆಂಡಿಗೆ 40,000 ಘನ ಮೀಟರ್ ನೀರು ಹರಿಯುತ್ತದೆ. ನಮ್ಮ ಪತ್ರಿಕೆಗಳ ಲೆಕ್ಕದಲ್ಲಿ ಹೇಳಿದರೆ ಸುಮಾರು 14 ಲಕ್ಷ ಕ್ಯೂಸೆಕ್ಸ್. ಹೊಗೇನಕಲ್ಲಿನಲ್ಲಿ ಒಂದು ಲಕ್ಷ ಕ್ಯೂಸೆಕ್ಸ್ ಬಂದರೆ ನಾವು ಟಿವಿ ಮುಂದೆ ಕೂರುತ್ತೇವೆ. ಅಲ್ಲಿ ಅದರ ಹದಿನಾಲ್ಕು ಪಟ್ಟು ದಿನನಿತ್ಯದ ಹರಿವು.

ಆ ನದಿಯಲ್ಲಿ ಬೊಯೋಮಾ ಎಂಬ ಏಳು ಜಲಪಾತಗಳ ಸಾಲು ಇದೆ. ಅದರ ಕೊನೆಯ ಜಲಪಾತದ ಬಳಿ, ಕಿಸಂಗಾನಿ ನಗರದ ಮಗ್ಗುಲಲ್ಲಿ ವಗೇನಿಯಾ ಎಂಬ ಮೀನುಗಾರ ಜನ ಇದ್ದಾರೆ. ಬಂಡೆಯ ಸಂದುಗಳಲ್ಲಿ ಭಾರಿ ಮರದ ಕಂಬಗಳನ್ನು ಮೂರುಗಾಲಿನಂತೆ ನಿಲ್ಲಿಸಿ, ಕಾಡುಬಳ್ಳಿಯಿಂದ ಬಿಗಿದು, ಅವುಗಳಿಗೆ ಬಾಯಿ ಅಗಲ, ಬುಡ ಚೂಪಾದ ದೊಡ್ಡ ಬುಟ್ಟಿಗಳನ್ನು ಕಟ್ಟಿ ನೀರಿನ ರಭಸಕ್ಕೆ ಎದುರಾಗಿ ಇಳಿಬಿಡುತ್ತಾರೆ. ನೀರು ಬುಟ್ಟಿಯೊಳಗಿಂದ ಸೋರಿ ಹೋಗುತ್ತದೆ, ಮೀನು ಒತ್ತಡಕ್ಕೆ ಹಿಂದೆ ಬರಲಾಗದೆ ಉಳಿಯುತ್ತದೆ. ನದಿಯ ಬಲವನ್ನೇ ಬಲೆ ಮಾಡಿಕೊಂಡ ಜಾಣತನ ಇದು.

1877ರಲ್ಲಿ ಹೆನ್ರಿ ಮಾರ್ಟನ್ ಸ್ಟಾನ್ಲಿ ಎಂಬ ಪ್ರಯಾಣಿಕ ಈ ನದಿಯಗುಂಟ ಇಳಿದು ಬಂದ. ಜಲಪಾತಕ್ಕೆ ಅವನ ಹೆಸರಿಟ್ಟರು, ಸ್ಟಾನ್ಲಿ ಫಾಲ್ಸ್. ಪಕ್ಕದ ಊರು ಸ್ಟಾನ್ಲಿವಿಲ್ ಆಯಿತು. ನಮ್ಮ ಸ್ಟಾನ್ಲಿಗೂ ಆ ಸ್ಟಾನ್ಲಿಗೂ ಸಂಬಂಧವಿಲ್ಲ. ಆದರೂ ಎರಡು ಖಂಡಗಳ ಎರಡು ನದಿಗಳಿಗೆ, ಅಲ್ಲಿ ನೂರಾರು ವರ್ಷ ಮೀನು ಹಿಡಿದವರ ಹೆಸರು ಬಿಟ್ಟು ಹೊರಗಿನಿಂದ ಬಂದ ಒಬ್ಬನ ಹೆಸರು ಅಂಟಿತಲ್ಲ, ಅದನ್ನು ಯೋಚಿಸಬೇಕು. ಕಾಂಗೋದವರು 1966ರಲ್ಲಿ ಸ್ಟಾನ್ಲಿವಿಲ್ ಅನ್ನು ಕಿಸಂಗಾನಿ ಎಂದು ಬದಲಿಸಿದರು.

ಅದೇ ನದಿಯ ಕೆಳಭಾಗದಲ್ಲಿ, ಉಬಂಗಿ ನದಿ ಕಾಂಗೋವನ್ನು ಸೇರುವ ಸುತ್ತಮುತ್ತ, ಬೊಬಾಂಗಿ ಎಂಬ ಜನರಿದ್ದರು. ಮೂಲತಃ ಮೀನುಗಾರರು. ದೊಡ್ಡ ದೋಣಿಗಳಲ್ಲಿ ನೂರಾರು ಮೈಲಿ ಸಾಗಿ ದಂತ, ಮರಗೆಣಸು, ಮೀನು, ಮಡಕೆಗಳ ವ್ಯಾಪಾರಕ್ಕೆ ಇಳಿದು ಬಲಿಷ್ಠರಾದರು. ಅವರ ವ್ಯಾಪಾರದ ಭಾಷೆ ಬೆಳೆದು ಇಂದಿನ ಲಿಂಗಾಲಾ ಭಾಷೆಯಾಯಿತು. ಕೋಟ್ಯಂತರ ಜನ ಅದನ್ನು ಆಡುತ್ತಾರೆ. ಆದರೆ ಇದೇ ಬೊಬಾಂಗಿಗಳು ಗುಲಾಮರನ್ನೂ ಕೊಂಡು ಮಾರಿದರು ಎಂಬುದನ್ನು ಮುಚ್ಚಿಡಬಾರದು. ಬಡವರ ಚರಿತ್ರೆ ಬರೆಯುವಾಗ ಅವರನ್ನು ಸಂತರನ್ನಾಗಿ ಮಾಡುವ ಆಸೆ ನಮಗಾಗುತ್ತದೆ. ಪಾಪ ಎಲ್ಲ ದಡಗಳಲ್ಲೂ ಇದೆ.

1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿತ್ತು. ನದಿಯ ಮೇಲೆ ಉಗಿದೋಣಿಗಳು ಬಂದವು, ಬೊಬಾಂಗಿಗಳ ವ್ಯಾಪಾರ ಕುಸಿಯಿತು. ರಬ್ಬರ್ ಮತ್ತು ದಂತಕ್ಕಾಗಿ ಜನರನ್ನು ಹಿಂಸಿಸಿದರು. ರೋಗಗಳು ಹರಡಿ ಹಳ್ಳಿಗಳು ಬರಿದಾದವು.

ಈ ಕತ್ತಲಲ್ಲೇ ಒಬ್ಬ ಯುವಕ ಬೆಳಗಿದ. ಇಸಿದೋರ್ ಬಕಾಂಜಾ. ನದಿತೀರದ ಎಂಬಂಡಾಕಾ ಪಟ್ಟಣದಲ್ಲಿ ಗಾರೆ ಕೆಲಸಕ್ಕೆ ಕೈಯಾಳಾಗಿದ್ದ. 1906ರಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳಿಂದ ಜ್ಞಾನಸ್ನಾನ ಪಡೆದ. ಆಮೇಲೆ ತೋಟದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಕೊರಳಲ್ಲಿ ಕಾರ್ಮೆಲ್ ಮಾತೆಯ ಉತ್ತರೀಯ ಧರಿಸುತ್ತಿದ್ದ, ಜೊತೆಯ ಕೂಲಿಗಳಿಗೆ ಪ್ರಾರ್ಥನೆ ಕಲಿಸುತ್ತಿದ್ದ. ಅದನ್ನು ಸಹಿಸದ ಮೇಲಧಿಕಾರಿ 1909ರಲ್ಲಿ ಮೊಳೆ ಬಡಿದ ಚರ್ಮದ ಚಾವಟಿಯಿಂದ ಹೊಡೆಸಿದ. ಗಾಯ ಕೊಳೆತು ತಿಂಗಳುಗಟ್ಟಲೆ ನರಳಿ, ಹೊಡೆಸಿದವನನ್ನು ಕ್ಷಮಿಸಿ, ಅದೇ ವರ್ಷ ಆಗಸ್ಟ್ 15ರಂದು ಪ್ರಾಣಬಿಟ್ಟ. 1994ರ ಏಪ್ರಿಲ್ 24ರಂದು ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದರು. ಸಾಯುವಾಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಯಾಜಕರಲ್ಲ, ಸನ್ಯಾಸಿಯಲ್ಲ, ಕೂಲಿ ಮಾಡುವ ಹುಡುಗ.

ಇಂದಿನ ದಡ

ನಮ್ಮ ದಡದಲ್ಲಿ ಚಾವಟಿ ಇಲ್ಲ. ಆದರೆ ಹರಿಗೋಲಿನವರ ಹೊಟ್ಟೆಪಾಡು ಅವರ ಕೈಯಲ್ಲಿಲ್ಲ. ಹೊಗೇನಕಲ್ಲಿಗಿಂತ ಮೇಲೆ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಕರ್ನಾಟಕ ವರ್ಷಕ್ಕೆ 177.25 ಟಿ.ಎಂ.ಸಿ. ನೀರು ಬಿಡಬೇಕು, ಅದನ್ನು ಅಳೆಯುವುದು ಅಲ್ಲಿ. ಎರಡು ರಾಜ್ಯಗಳು ಆ ಅಂಕಿಗಾಗಿ ಜಗಳವಾಡುತ್ತವೆ. ಹರಿಗೋಲಿನವರಿಗೆ ಆ ಅಂಕಿಯೇ ಅಂದಿನ ಊಟ.

ಮಳೆಗಾಲದಲ್ಲಿ ಕನ್ನಂಬಾಡಿ, ಕಬಿನಿ ತುಂಬಿ ನೀರು ಬಿಟ್ಟರೆ ಇಲ್ಲಿ ಪ್ರವಾಹ. 2018, 2019, 2022, 2024ರಲ್ಲಿ ಹರಿವು ಒಂದು ಲಕ್ಷ ಕ್ಯೂಸೆಕ್ಸ್ ದಾಟಿತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷವೆಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್! ಅಂಥಾಗ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ, ನಿಲ್ಲಿಸಲೇಬೇಕು. ಬರಗಾಲದಲ್ಲಿ ಹರಿವು ಕೆಲವು ನೂರು ಕ್ಯೂಸೆಕ್ಸಿಗೆ ಇಳಿದರೆ ಬಂಡೆಗಳು ಒಣಗಿ ನಿಲ್ಲುತ್ತವೆ, ಪ್ರವಾಸಿಗರು ಬರುವುದಿಲ್ಲ. ನೀರು ಹೆಚ್ಚಾದರೂ ಕೂಲಿ ಇಲ್ಲ, ಕಡಿಮೆಯಾದರೂ ಇಲ್ಲ.

ಮೀನಿನ ಕತೆಯೂ ಹೀಗೇ. ಕಾವೇರಿಯ ಡುಬ್ಬದ ಮಹಶೀರ್ ಒಂದು ಕಾಲಕ್ಕೆ ನದಿಯ ರಾಜ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಾವೇರಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಣೆಕಟ್ಟು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಬೇರೆ ತಳಿಗಳ ಪೈಪೋಟಿ ಇವುಗಳಿಂದ ಅದು ಕ್ಷೀಣಿಸಿತು. 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದರ ಬದಲು ಇಂದು ಹೊಗೇನಕಲ್ಲಿನ ಬಾಣಲೆಯಲ್ಲಿ ಹೆಚ್ಚಾಗಿ ಕಾಣುವುದು ಜಿಲೇಬಿ ಮೀನು. ಅದರ ಮೂಲ ಯಾವುದು ಗೊತ್ತೇ? ಆಫ್ರಿಕಾ! ಆಫ್ರಿಕಾದ ಮೀನು ನಮ್ಮ ತಟ್ಟೆಗೆ ಬಂದಿದೆ, ಆಫ್ರಿಕಾದ ಮೀನುಗಾರರ ಬದುಕು ಮಾತ್ರ ನಮ್ಮ ಅರಿವಿಗೆ ಬಂದಿಲ್ಲ.

ಇದಕ್ಕೆ ಮೇಲೆ ಕಾಡಿನ ಕಾನೂನು. ಕಾವೇರಿ ಉತ್ತರ ವನ್ಯಜೀವಿಧಾಮ 2014ರಲ್ಲಿ, ದಕ್ಷಿಣ ವನ್ಯಜೀವಿಧಾಮ 2022ರಲ್ಲಿ ಘೋಷಣೆಯಾದವು. ಆನೆ, ನೀರುನಾಯಿ, ಮೊಸಳೆಗಳಿಗೆ ಇದು ಬೇಕಾದ ರಕ್ಷಣೆ. ಸೃಷ್ಟಿಯ ಪಾಲನೆಯ ಬಗ್ಗೆ ಫ್ರಾನ್ಸಿಸ್ ಜಗದ್ಗುರುಗಳು 2015ರಲ್ಲಿ ಬರೆದ "ಲೌದಾತೊ ಸಿ" ವಿಶ್ವಪತ್ರ ಓದಿದ ನಾವು ಅದನ್ನು ಬೇಡ ಎನ್ನಲಾರೆವು. ಆದರೆ ಅದೇ ವಿಶ್ವಪತ್ರ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ ಎನ್ನುತ್ತದೆ. ಕಾಡು ಉಳಿಯಬೇಕು, ಅದರ ಅಂಚಿನಲ್ಲಿ ಬಲೆ ಹಾಕಿ ಬದುಕಿದವರೂ ಉಳಿಯಬೇಕು. ಈ ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ.

ನಾವೇನು ಮಾಡಬಹುದು?

ದೊಡ್ಡ ಮಾತು ಬೇಡ. ನಮ್ಮ ಯುವಕ ಸಂಘ ಪ್ರತಿ ವರ್ಷ ಎಲ್ಲಾದರೂ ಪ್ರವಾಸ ಹೋಗುತ್ತದೆ, ಹೊಗೇನಕಲ್ಲಿಗೂ ಹೋಗಿದ್ದೇವೆ. ಹೋದಾಗ ನಾವು ಮಾಡಿದ್ದನ್ನು ನೆನೆದರೆ ನನಗೇ ನಾಚಿಕೆ. ಹುಟ್ಟು ಹಾಕುವ ಅಣ್ಣನ ಜೊತೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಿದೆವು. ಜೀವರಕ್ಷಕ ಜಾಕೆಟ್ ಸೆಲ್ಫಿಗೆ ಅಡ್ಡ ಎಂದು ಬಿಚ್ಚಿದೆವು. ಆತ ಬೈದ. ಆ ಬೈಗುಳದಲ್ಲಿ ನಮ್ಮ ತಾಯಂದಿರ ಪರವಾದ ಕಾಳಜಿ ಇತ್ತು ಎಂದು ಅರ್ಥವಾದದ್ದು ಬಹಳ ತಡವಾಗಿ. ಇಳಿಯುವಾಗ ನಮ್ಮಲ್ಲಿ ಒಬ್ಬರೂ ಆತನ ಹೆಸರು ಕೇಳಲಿಲ್ಲ.

ಮುಂದಿನ ಸಲ ಹೋದಾಗ ನಾಲ್ಕು ಕೆಲಸ ಮಾಡೋಣ. ಜಾಕೆಟ್ ತೆಗೆಯದಿರೋಣ. ನಿಗದಿ ಮಾಡಿದ ದರವನ್ನು ಚೌಕಾಸಿ ಇಲ್ಲದೆ ಕೊಡೋಣ. ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ನದಿಗೆ ಬಿಡದೆ ತಿರುಗಿ ತರೋಣ. ಹುಟ್ಟು ಹಾಕುವವರ ಹೆಸರು, ಊರು ಕೇಳಿ, ಅವರ ತಂದೆ ತಾತ ಯಾವ ಹಳ್ಳಿಯವರು, ಆ ಹಳ್ಳಿ ಈಗ ನೀರಿನ ಮೇಲಿದೆಯೋ ಕೆಳಗಿದೆಯೋ ಎಂದು ವಿಚಾರಿಸೋಣ. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಬರೆದಿಡೋಣ. ನಮ್ಮ ಅಜ್ಜ ಅಜ್ಜಿಯರಲ್ಲಿ ಮೆಟ್ಟೂರು ಕಡೆಯಿಂದ ಬಂದವರಿದ್ದರೆ ಅವರ ಮಾತನ್ನೂ ಫೋನಿನಲ್ಲಿ ದಾಖಲಿಸಿಡೋಣ. ಇಂಥ ಚರಿತ್ರೆ ಕಲ್ಲಿನ ಮೇಲೆ ಇರುವುದಿಲ್ಲ, ಮುದುಕರ ನಾಲಗೆಯ ಮೇಲೆ ಇರುತ್ತದೆ. ಅವರ ಜೊತೆಗೇ ಹೋಗಿಬಿಡುತ್ತದೆ.

ಆ ಹುಡುಗನಿಗೆ ಮುಂದಿನ ಭಾನುವಾರ ಉತ್ತರ ಹೇಳಿದೆ. "ಇದು ಹೊಗೇನಕಲ್ ಅಲ್ಲ ಕಣೋ, ಕಾಂಗೋ. ಆದರೆ ನೀನು ಹೇಳಿದ್ದು ಸರಿ, ಅವರೂ ನಮ್ಮವರೇ." ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಹಾಗಾದ್ರೆ ಅಲ್ಲೂ ಮೀನು ಫ್ರೈ ಸಿಗುತ್ತಾ ಅಣ್ಣ?" ಎಂದು ಕೇಳಿದ. ಸಿಗುತ್ತೆ ಎಂದೆ.

ಈ ರಾತ್ರಿ ಮಲಗುವ ಮೊದಲು ಒಂದು ಲೋಟ ನೀರು ಕುಡಿಯುವಾಗ ಆ ನೀರು ಬಂದ ದಡವನ್ನು, ಅಲ್ಲಿ ಹುಟ್ಟು ಹಿಡಿದ ಕೈಗಳನ್ನು ನೆನೆಯಿರಿ. ಗಲಿಲೇಯ ಸರೋವರದ ದಡದಲ್ಲಿ ಬೆಸ್ತರಿಗಾಗಿ ಬೆಂಕಿ ಹೊತ್ತಿಸಿ, ಮೀನು ರೊಟ್ಟಿ ಸುಟ್ಟು, ಊಟಕ್ಕೆ ಕರೆದ ಪ್ರಭು ಕಾವೇರಿಯ ದಡದವರನ್ನೂ ಕಾಂಗೋದ ದಡದವರನ್ನೂ ಕಾಯಲಿ.